ಬೇಸಿಗೆ ಪ್ರವಾಸಕ್ಕೆ ಫಾಸ್ಟ್ಯಾಗ್ ವಾರ್ಷಿಕ ಪಾಸ್: ಮೈಸೂರು–ಮಂಡ್ಯದವರಿಗೆ ನಿಜವಾದ ಉಳಿತಾಯ ಎಷ್ಟು?

ಶಾಲೆಗಳಿಗೆ ರಜೆ ಸಿಕ್ಕ ಕೂಡಲೇ ಸ್ವಂತ ಕಾರಿನಲ್ಲಿ ಊರೂರು ಸುತ್ತಿ ಬರುವ ನಮ್ಮ ಮೈಸೂರು, ಮಂಡ್ಯ ಕಡೆಯ ಕುಟುಂಬಗಳಿಗೆ ಪೆಟ್ರೋಲು ಮತ್ತು ವಸತಿಯ ಖರ್ಚಿನ ಜೊತೆಗೆ ಟೋಲ್ ಶುಲ್ಕವೂ ಈಗ ಲೆಕ್ಕಕ್ಕೆ ಹಿಡಿಯಲೇಬೇಕಾದ ಬಾಬತ್ತಾಗಿದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ 2025ರ ಆಗಸ್ಟ್ 15ರಿಂದ ಜಾರಿಗೆ ಬಂದಿರುವ ಫಾಸ್ಟ್ಯಾಗ್ ವಾರ್ಷಿಕ ಪಾಸನ್ನು ನಮ್ಮ ಮನೆಯ ಕಾರಿಗೆ ಮಾಡಿಸಿ, ಬೆಂಗಳೂರಿನ ಓಡಾಟಕ್ಕೂ ದೂರದ ಪ್ರವಾಸಕ್ಕೂ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇದು ಒಳ್ಳೆಯ ಸೇವೆ. ಆದರೆ ಇದರ ಬೆಲೆಯನ್ನು ಕಿಲೋಮೀಟರುಗಳಲ್ಲಿ ಅಳೆಯದೆ, ನೀವು ಹೋಗುವ ದಾರಿಯಲ್ಲಿ ಎಷ್ಟು ಗೇಟುಗಳಿವೆ ಎಂಬುದರಿಂದಲೇ ಅಳೆಯಬೇಕು.

ನಾವು ಪಾಸಿಗೆ ಕೊಟ್ಟದ್ದು 3,000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅಲ್ಲಿಯವರೆಗೆ ಅದು ನಡೆಯುತ್ತದೆ. ನಮ್ಮ ಕಡೆಯ ಹೆದ್ದಾರಿಗಳಲ್ಲಿ ಒಂದು ಗೇಟನ್ನು ಒಮ್ಮೆ ದಾಟಿದರೆ ಒಂದು ಟ್ರಿಪ್. ಹೋಗಿ ಬಂದರೆ ಎರಡು. ಪೂರ್ತಿ ಬಳಸಿಕೊಂಡರೆ ಗೇಟಿಗೆ ಹದಿನೈದು ರೂಪಾಯಿಯಂತೆ ಬೀಳುತ್ತದೆ. ಸ್ವಂತ ಬಳಕೆಯ ಕಾರು, ಜೀಪು, ವ್ಯಾನುಗಳಿಗೆ ಮಾತ್ರ ಈ ಸೌಲಭ್ಯ ಇರುವುದರಿಂದ, ಹಳದಿ ಬೋರ್ಡಿನ ಟ್ಯಾಕ್ಸಿಯಲ್ಲಿ ಪ್ರವಾಸ ಹೊರಡುವವರಿಗೆ ಇದರಿಂದ ಉಪಯೋಗವಿಲ್ಲ.

ಮೈಸೂರಿನವರ ಲೆಕ್ಕ ಬೆಂಗಳೂರು ದಶಪಥ ಹೆದ್ದಾರಿಯಿಂದಲೇ ಶುರುವಾಗಬೇಕು. ಎರಡೂ ಹಂತಗಳಲ್ಲಿ ಟೋಲ್ ವಸೂಲಿ ಆರಂಭವಾದ 2023ರಲ್ಲಿ ಕಾರಿಗೆ ಬಿಡದಿ ಕಡೆಯ ಗೇಟಿನಲ್ಲಿ 165 ರೂಪಾಯಿ, ಶ್ರೀರಂಗಪಟ್ಟಣದ ಬಳಿಯ ಗಣಂಗೂರಿನಲ್ಲಿ 155 ರೂಪಾಯಿ, ಒಟ್ಟು 320 ರೂಪಾಯಿ ಇತ್ತು. ದರವನ್ನು ಪ್ರತಿ ವರ್ಷ ಪರಿಷ್ಕರಿಸುತ್ತಾರೆ. ಆ ಹಳೆಯ ದರವನ್ನೇ ಇಟ್ಟುಕೊಂಡರೂ, ಬೆಂಗಳೂರಿನಲ್ಲಿ ಒಂದೆರಡು ದಿನ ಉಳಿದು ಬರುವವರಿಗೆ ಹೋಗಿ ಬರಲು 640 ರೂಪಾಯಿ ಬೇಕಾಗುತ್ತಿದ್ದರಿಂದ, ಐದನೆಯ ಸಲ ಹೋಗಿ ಬರುವಷ್ಟರಲ್ಲಿ ಪಾಸಿನ ಹಣ ಹುಟ್ಟುತ್ತದೆ. ಇಪ್ಪತ್ನಾಲ್ಕು ಗಂಟೆಯೊಳಗೆ ಹಿಂದಿರುಗುವವರಿಗೆ ಮಾಮೂಲಿ ಟೋಲಿನಲ್ಲೇ ರಿಯಾಯಿತಿ ಇದ್ದು, ಎರಡೂ ಕಡೆಗೆ ಸೇರಿ ಒಂದೂವರೆ ಪಟ್ಟು ಮಾತ್ರ ಕೊಡಬೇಕಾದ್ದರಿಂದ ಅವರಿಗೆ ಅದು ಏಳನೆಯ ಸಲಕ್ಕೆ ಹುಟ್ಟುತ್ತದೆ. ಪಾಸಿನ ಲಾಭವನ್ನು ಲೆಕ್ಕ ಹಾಕುವಾಗ ಈ ರಿಯಾಯಿತಿಯನ್ನು ಕಳೆಯದಿದ್ದರೆ ಉಳಿತಾಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮಂಡ್ಯದವರ ಲೆಕ್ಕವೇ ಬೇರೆ. ಮಂಡ್ಯ ಊರು ಎರಡು ಗೇಟುಗಳ ನಡುವೆ ಇರುವುದರಿಂದ ಬೆಂಗಳೂರಿಗೆ ಹೋಗಲು ಒಂದೇ ಗೇಟು, ಮೈಸೂರಿಗೆ ಬರಲೂ ಒಂದೇ ಗೇಟು. ಹಳೆಯ ದರದಲ್ಲಿ ಬೆಂಗಳೂರಿಗೆ ಹೋಗಿ ಬರಲು 330 ರೂಪಾಯಿ ಆಗುತ್ತಿದ್ದುದರಿಂದ ಪಾಸಿನ ಹಣ ವಾಪಸು ಬರಲು ಹತ್ತು ಸಲವಾದರೂ ಓಡಾಡಬೇಕು. ಇನ್ನು ಗಣಂಗೂರಿನ ಆಸುಪಾಸಿನಲ್ಲಿದ್ದು ಕೆಲಸಕ್ಕಾಗಿ ದಿನವೂ ಗೇಟು ದಾಟುವವರು ವಾರ್ಷಿಕ ಪಾಸಿನ ಗೊಡವೆಗೆ ಹೋಗದಿರುವುದೇ ಒಳ್ಳೆಯದು. ದಿನಕ್ಕೆ ಎರಡು ಟ್ರಿಪ್ಪಿನಂತೆ 200 ಟ್ರಿಪ್ಪುಗಳು ನಾಲ್ಕೇ ತಿಂಗಳಲ್ಲಿ ಖಾಲಿಯಾಗುತ್ತವೆ, ಅಂದರೆ ತಿಂಗಳಿಗೆ 750 ರೂಪಾಯಿ ಬಿದ್ದಂತಾಯಿತು. ಗೇಟಿನಿಂದ 20 ಕಿಲೋಮೀಟರ್ ಒಳಗೆ ವಾಸವಿರುವವರ ಸ್ವಂತ ವಾಹನಕ್ಕೆ ಕೊಡುವ ಸ್ಥಳೀಯ ಮಾಸಿಕ ಪಾಸು ಅದರ ಅರ್ಧಕ್ಕಿಂತಲೂ ಕಡಿಮೆ ದರಕ್ಕೆ ಸಿಗುತ್ತದೆ.

ಬೇಸಿಗೆಯ ದೂರದ ಪ್ರವಾಸದಲ್ಲಿ ಪಾಸು ತನ್ನ ಯೋಗ್ಯತೆಯನ್ನು ತೋರಿಸಿದ್ದು ಕರಾವಳಿಯಲ್ಲಿ. ಮಡಿಕೇರಿ, ಸುಳ್ಯದ ಮೇಲೆ ಇಳಿದು ಮಂಗಳೂರು ಸೇರಿ, ಅಲ್ಲಿಂದ ಉಡುಪಿ, ಕುಂದಾಪುರ, ಮುರುಡೇಶ್ವರ ನೋಡಿಕೊಂಡು ಗೋಕರ್ಣದವರೆಗೆ ಹೋಗುವವರಿಗೆ ಬ್ರಹ್ಮರಕೂಟ್ಲು, ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆ ಎಂದು ಸಾಲಾಗಿ ಗೇಟುಗಳು ಎದುರಾಗುತ್ತವೆ. ಇವೆಲ್ಲ ರಾಷ್ಟ್ರೀಯ ಹೆದ್ದಾರಿಯ ಗೇಟುಗಳಾದ್ದರಿಂದ ಪಾಸಿನ ಟ್ರಿಪ್ಪಿನಲ್ಲೇ ಕಳೆಯುತ್ತವೆ. ಹೆಜಮಾಡಿಯಲ್ಲಿ ಕಂಬ ಮೇಲೇಳುವಾಗಲೇ ಮೊಬೈಲಿಗೆ ಸಂದೇಶ ಬಂತು. ಖಾತೆಯ ಹಣ ಇದ್ದಷ್ಟೇ ಇತ್ತು. ಉಡುಪಿಯಲ್ಲಿ ತಂಗಿದ್ದು ಮನಸ್ಸಾದಾಗ ಮರವಂತೆಗೆ ಹೋಗಿ ಬರುವಾಗ, ಗೇಟಿನ ಆಚೆಗಿರುವ ಜಾಗವನ್ನು ಟೋಲಿನ ಕಾರಣಕ್ಕೆ ಬಿಡಬೇಕಾದ ಪ್ರಮೇಯವೇ ಬರಲಿಲ್ಲ. ನನಗೆ ಈ ಪಾಸಿನಲ್ಲಿ ಅತ್ಯಂತ ಹಿಡಿಸಿದ್ದು ಈ ನಿರಾಳತೆ.

ಊಟಿಯ ವಿಚಾರದಲ್ಲಿ ಹೀಗೆ ಹೇಳಲಾರೆ. ಮೈಸೂರಿನವರ ಬೇಸಿಗೆ ಎಂದರೆ ಊಟಿ ಎಂಬಷ್ಟು ರೂಢಿಯಾಗಿರುವ ಆ ದಾರಿಯಲ್ಲಿ ನಂಜನಗೂಡಿನ ಮೊದಲು ಸಿಗುವ ಕಡಕೊಳದ ಗೇಟಿನಲ್ಲಿ ಪಾಸು ಉಪಯೋಗಕ್ಕೆ ಬರುತ್ತದೆ. ನೀಲಗಿರಿಯಲ್ಲಿ ಕೊಡಬೇಕಾದ ಹಸಿರು ಶುಲ್ಕಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿಗೆ ಹೋಗುವವರು 2024ರ ಮೇ ತಿಂಗಳಿನಿಂದ ಕಡ್ಡಾಯವಾಗಿರುವ, ಹಣ ಕೊಡಬೇಕಿಲ್ಲದ ಇ–ಪಾಸನ್ನು ಮುಂಚಿತವಾಗಿ ಪಡೆಯುವುದರ ಕಡೆಗೆ ಗಮನ ಕೊಟ್ಟರೆ ಸಾಕು. ವರ್ಷಕ್ಕೊಮ್ಮೆ ಊಟಿಗೆ ಹೋಗುವುದು ಬಿಟ್ಟು ಬೇರೆ ದೂರ ಪ್ರಯಾಣ ಇಲ್ಲದ ಮನೆಯವರು ಈ ಪಾಸನ್ನು ಕೊಳ್ಳಬಾರದು.

ಪಾಸು ಇದೆಯೆಂದು ದಾರಿಯನ್ನು ಬದಲಿಸುವುದೂ ತರವಲ್ಲ. ಚಿತ್ರದುರ್ಗ, ಹಂಪಿ ಕಡೆಗೆ ಹೊರಟವರಿಗೆ ನಾಗಮಂಗಲ, ಚಿಕ್ಕನಾಯಕನಹಳ್ಳಿ, ಹುಳಿಯಾರಿನ ಮೇಲೆ ಹಿರಿಯೂರು ಸೇರುವ ರಸ್ತೆ ಇರುವಾಗ, ಟೋಲ್ ಹೇಗೂ ಪುಕ್ಕಟೆ ಎಂದುಕೊಂಡು ಬೆಂಗಳೂರು, ತುಮಕೂರು ಸುತ್ತಿಕೊಂಡು ಹೋದರೆ ಉಳಿಸಿದ್ದನ್ನು ಪೆಟ್ರೋಲಿಗೆ ಸುರಿದಂತಾಗುತ್ತದೆ. ಅಲ್ಲದೆ ಬೆಂಗಳೂರಿನ ಒಳಗೆ ಹೋಗದೆ ತುಮಕೂರು ರಸ್ತೆಗೆ ದಾಟಿಸುವ ನೈಸ್ ರಸ್ತೆಯ ಶುಲ್ಕವನ್ನು ಬೇರೆಯೇ ಕೊಡಬೇಕು. ರಾಜ್ಯ ಹೆದ್ದಾರಿಗಳ ಗೇಟುಗಳಲ್ಲೂ ಪಾಸು ನಡೆಯುವುದಿಲ್ಲ. ಅಲ್ಲಿ ಅದೇ ಟ್ಯಾಗಿನ ಖಾತೆಯಿಂದ ಎಂದಿನಂತೆ ಹಣ ಕಡಿತವಾಗುತ್ತದೆ. ಆದ್ದರಿಂದ ಪಾಸು ಮಾಡಿಸಿದ ಮೇಲೂ ಖಾತೆಯಲ್ಲಿ ಒಂದಷ್ಟು ಹಣ ಇರಲೇಬೇಕು. ಖಾತೆ ಬರಿದಾಗಿ ಅಂಥ ಗೇಟಿನಲ್ಲಿ ನಗದು ಕೊಡಬೇಕಾಗಿ ಬಂದರೆ ಪ್ರವಾಸದ ಉಳಿತಾಯಕ್ಕೆ ಅಲ್ಲೇ ಕತ್ತರಿ ಬೀಳುತ್ತದೆ.

ಕೊಳ್ಳುವ ಕ್ರಮ ಸುಲಭವಾಗಿದೆ. ರಾಜಮಾರ್ಗಯಾತ್ರಾ ಆ್ಯಪಿನಲ್ಲಿ ವಾಹನದ ಸಂಖ್ಯೆಯನ್ನು ಕೊಟ್ಟು ಹಣ ಪಾವತಿಸಿದರೆ, ಈಗಿರುವ ಟ್ಯಾಗಿಗೇ ಪಾಸು ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಚಾಲನೆಗೆ ಬರುತ್ತದೆ. ಆದರೆ ಟ್ಯಾಗ್ ನೋಂದಣಿಯಾಗಿರುವುದು ಚಾಸಿ ಸಂಖ್ಯೆಯ ಮೇಲಲ್ಲ, ವಾಹನದ ನೋಂದಣಿ ಸಂಖ್ಯೆಯ ಮೇಲೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಹೊಸ ಕಾರು ಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು. ಟ್ಯಾಗನ್ನು ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವಂತಿಲ್ಲ. ಒಂದು ಕಾರಿನ ಪಾಸನ್ನು ಇನ್ನೊಂದು ಕಾರಿಗೆ ಬಳಸುವಂತೆಯೂ ಇಲ್ಲ. ಅಣ್ಣತಮ್ಮಂದಿರ ಎರಡು ಕಾರುಗಳಿರುವ ಮನೆಯಲ್ಲಿ ಹೆಚ್ಚು ದೂರ ಓಡುವ ಕಾರಿಗೆ ಮಾತ್ರ ಪಾಸು ಮಾಡಿಸಿ, ಪ್ರವಾಸಕ್ಕೆ ಅದನ್ನೇ ತೆಗೆಯುವುದು ಲೇಸು.

ಕರಾವಳಿಯ ಪ್ರಯಾಣದಲ್ಲಿ ಒಂದು ಗೇಟಿನ ಯಂತ್ರ ನಮ್ಮ ಟ್ಯಾಗನ್ನು ಓದಲಿಲ್ಲ; ಹಿಂದೆ ವಾಹನಗಳು ಹಾರನ್ ಹೊಡೆಯುತ್ತಿರುವಾಗ ಸಿಬ್ಬಂದಿ ನಗದು ಕೊಡಿ ಎಂದರು. ಟ್ಯಾಗ್ ಚಾಲ್ತಿಯಲ್ಲಿದ್ದು, ಖಾತೆಯಲ್ಲಿ ಸಾಕಷ್ಟು ಹಣವೂ ಇದ್ದು, ದೋಷ ಯಂತ್ರದ್ದೇ ಆಗಿದ್ದರೆ ಶುಲ್ಕ ಪಡೆಯದೆ ಶೂನ್ಯ ಮೊತ್ತದ ರಸೀದಿ ಕೊಟ್ಟು ಬಿಡಬೇಕೆಂಬ ನಿಯಮ ಇದೆ. ಅದನ್ನು ಶಾಂತವಾಗಿ ಹೇಳಿದ ಮೇಲೆ ಕಂಬ ಮೇಲೆದ್ದಿತು. ಈ ನಿಯಮ ಗೊತ್ತಿಲ್ಲದ ಎಷ್ಟೋ ಜನ ಸುಮ್ಮನೆ ದುಡ್ಡು ಕೊಟ್ಟು ಹೋಗುವುದನ್ನು ನೆನೆದರೆ ಬೇಸರವಾಗುತ್ತದೆ. ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ ದೂರು ಕೊಡಲು ಅವಕಾಶವಿದೆ.

ಕೊಳ್ಳಬೇಕೆಂದಿರುವವರು ರಜೆಯ ಮೊದಲ ಪ್ರಯಾಣದ ಹಿಂದಿನ ದಿನ ಕೊಂಡರೆ ಸಾಕು. ಏಪ್ರಿಲ್ ನಡುವಿನಲ್ಲಿ ಮಾಡಿಸಿದ ಪಾಸು ಈ ಬೇಸಿಗೆಯನ್ನೂ ದಸರಾ ರಜೆಯನ್ನೂ ಡಿಸೆಂಬರಿನ ಓಡಾಟವನ್ನೂ ದಾಟಿ ಮುಂದಿನ ಏಪ್ರಿಲ್‌ವರೆಗೆ ಬರುತ್ತದೆ. ಅವಧಿ ತೀರಿದಾಗ ಅಥವಾ ಟ್ರಿಪ್ಪುಗಳು ಮುಗಿದಾಗ ಅದು ತಾನಾಗಿ ನವೀಕರಣಗೊಳ್ಳದೆ, ಮುಂದಿನ ಗೇಟಿನಿಂದಲೇ ಪೂರ್ತಿ ಶುಲ್ಕ ಕಡಿತವಾಗತೊಡಗುತ್ತದೆ. ಹೀಗಾಗಿ ದೂರದ ಪ್ರಯಾಣಕ್ಕೆ ಮನೆಯಿಂದ ಕಾರು ತೆಗೆಯುವ ಮೊದಲು ಉಳಿದಿರುವ ಟ್ರಿಪ್ಪುಗಳನ್ನು ಆ್ಯಪಿನಲ್ಲಿ ಒಮ್ಮೆ ನೋಡಿಕೊಳ್ಳಬೇಕು.