ಆಡಿಯೊ ಗೈಡ್, ಗೈಡ್, ಬರಿಗೈ: ಒಂದೇ ಮ್ಯೂಸಿಯಂಗೆ ಮೂರು ಸಲ

ಒಂದೇ ಮ್ಯೂಸಿಯಂ, ಅದೇ ನಾಲ್ಕು ಮಹಡಿ, ಮೂರು ಭಾನುವಾರ. ಮೊದಲ ಸಲ ಆಡಿಯೊ ಗೈಡ್ ಕಿವಿಗೆ ಹಾಕಿಕೊಂಡು ಹೋದೆ. ಎರಡನೇ ಸಲ ಗೈಡ್ ಹಿಂದೆ, ಗುಂಪಿನಲ್ಲಿ. ಮೂರನೇ ಸಲ ಒಬ್ಬಳೇ, ಬರಿಗೈಯಲ್ಲಿ. ಇಷ್ಟೆಲ್ಲ ಮಾಡಿದ್ದು ಅಮ್ಮನಿಗೋಸ್ಕರ. ಸಮಕಾಲೀನ ಕಲೆ ತನಗೆ ಅರ್ಥವಾಗಲ್ಲ ಅಂತ ಅವಳು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾಳೆ. ಕರೆದುಕೊಂಡು ಹೋಗುವ ಮುಂಚೆ ಯಾವ ದಾರಿ ಒಳ್ಳೆಯದು ಅಂತ ನಾನೇ ನೋಡಬೇಕಿತ್ತು.

ಆಡಿಯೊ ಗೈಡ್ ಹೊಸದೇನಲ್ಲ. ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಂ 1952ರಲ್ಲೇ ರೇಡಿಯೊ ಮೂಲಕ ನೋಡುಗರ ಕಿವಿಗೆ ವಿವರಣೆ ತಲುಪಿಸಿತ್ತು. ಇದರ ದೊಡ್ಡ ಅನುಕೂಲ, ಬೇಕಾದಲ್ಲಿ ನಿಲ್ಲಿಸಬಹುದು, ಮತ್ತೆ ಕೇಳಬಹುದು. ಘಾನಾ ಮೂಲದ ಕಲಾವಿದ ಎಲ್ ಅನಾಟ್ಸುಯಿ ಅವರ ಕೃತಿಯ ಮುಂದೆ ಅದು ನನಗೆ ತುಂಬಾ ಸಹಾಯ ಮಾಡಿತು. ಗೋಡೆ ತುಂಬ ಹೊಳೆಯುವ ಬಟ್ಟೆ ಇಳಿಬಿಟ್ಟ ಹಾಗೆ ಕಾಣುತ್ತಿತ್ತು. ಅದು ಬಟ್ಟೆಯೇ ಅಲ್ಲ. ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳನ್ನು ತಟ್ಟಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಕಟ್ಟಿದ್ದು. ಅದಕ್ಕೆ ಇಂಥದ್ದೇ ಆಕಾರ ಅಂತಲೂ ಇಲ್ಲ. ತೂಗುಹಾಕುವವರು ಪ್ರತಿ ಸಲ ಮಡಿಕೆಗಳನ್ನು ಬೇರೆ ರೀತಿ ಜೋಡಿಸಬಹುದು, ಕಲಾವಿದರೇ ಅದಕ್ಕೆ ಅವಕಾಶ ಕೊಟ್ಟಿದ್ದಾರೆ. ಇದು ಕಿವಿಗೆ ಬೀಳದಿದ್ದರೆ ನಾನು ಚೆಂದದ ಪರದೆ ಅಂದುಕೊಂಡು ಮುಂದೆ ಹೋಗುತ್ತಿದ್ದೆ.

ಆದರೆ ಸಂಖ್ಯೆ ಅಂಟಿಸಿದ ಕೃತಿಗಳಿಗೆ ಮಾತ್ರ ದನಿ ಇರುತ್ತದೆ. ಅರ್ಧ ಗಂಟೆಯಲ್ಲೇ ನಾನು ಕೃತಿಗಳನ್ನು ಬಿಟ್ಟು ಸಂಖ್ಯೆಗಳನ್ನು ಹುಡುಕತೊಡಗಿದ್ದೆ. ಇನ್ನೊಂದು ತೊಂದರೆ ಈ ಬಗೆಯ ಮ್ಯೂಸಿಯಂನಲ್ಲೇ ಜಾಸ್ತಿ. ಇಲ್ಲಿ ಶಬ್ದವೇ ಕೃತಿಯಾಗಿರುವ ಕೋಣೆಗಳಿರುತ್ತವೆ. ಸುತ್ತಲೂ ಸ್ಪೀಕರ್‌ಗಳು ಪಿಸುಗುಡುತ್ತಿರುವಾಗ ಕಿವಿಯೊಳಗೆ ಬೇರೊಬ್ಬರ ಮಾತು! ಕೊನೆಗೆ ಕಿತ್ತಿಟ್ಟೆ. ನೋಡುವುದಕ್ಕೆ ಮೊದಲೇ 'ಇದು ಒಂಟಿತನ' ಅಂತ ಹೇಳಿಬಿಟ್ಟರೆ ಕಣ್ಣಿಗೆ ಉಳಿಯುವ ಕೆಲಸವೇನು? ನಾಲ್ಕೂ ಮಹಡಿ ಮುಗಿಸಲು ಮೂರು ಗಂಟೆ ಬೇಕಾಯಿತು. ಕೊನೆಯ ಮಹಡಿಯಲ್ಲಿ ಏನು ನೋಡಿದೆ ಅಂತ ಈಗ ನೆನಪಿಲ್ಲ. ಮ್ಯೂಸಿಯಂ ಸುತ್ತುವವರ ಈ ದಣಿವಿನ ಬಗ್ಗೆ ಬಾಸ್ಟನ್ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಗಿಲ್ಮನ್ 1916ರಲ್ಲೇ ಬರೆದಿದ್ದಾರೆ.

ಗೈಡ್ ಜೊತೆಗಿನ ಭೇಟಿ ಒಂದೇ ಗಂಟೆ, ನೋಡಿದ್ದು ಏಳು ಕೃತಿ. ನಮ್ಮ ಗೈಡ್ ಮೊದಲು ವಿವರಿಸಲಿಲ್ಲ, ಕೇಳಿದರು. ಇಲ್ಲಿ ಏನು ನಡೀತಿದೆ? ಹಾಗನ್ನಿಸೋ ಥರ ನಿಮಗೆ ಏನು ಕಾಣ್ತು? ಇನ್ನೇನು ಕಾಣುತ್ತೆ? ಈ ಮೂರು ಪ್ರಶ್ನೆ ಕೇಳುವುದು ಅನೇಕ ಮ್ಯೂಸಿಯಂಗಳಲ್ಲಿ ಬಳಕೆಯಲ್ಲಿರುವ ಪದ್ಧತಿ. ಒಂದು ಮೂಲೆಯಲ್ಲಿ ಮಿಠಾಯಿಗಳ ರಾಶಿ ಇತ್ತು, ಕಲಾವಿದ ಫೆಲಿಕ್ಸ್ ಗೊನ್ಸಾಲೆಸ್ ಟೊರೆಸ್ ಅವರದ್ದು. ಗುಂಪಿನಲ್ಲಿದ್ದ ಒಬ್ಬ ಹಿರಿಯರು, 'ಹಬ್ಬ ಮುಗಿದ ಮೇಲೆ ಉಳಿದ ಹಾಗಿದೆ' ಅಂದರು. ಆಮೇಲೆ ಗೈಡ್ ಅದೇ ಕಲಾವಿದರ 1991ರ ಇನ್ನೊಂದು ರಾಶಿಯ ಕತೆ ಹೇಳಿದರು. ಅದು ಅವರ ಸಂಗಾತಿ ರಾಸ್ ಅವರ ಭಾವಚಿತ್ರ. ರಾಸ್ ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡಿದ್ದರು. ರಾಶಿಗೆ ನಿಗದಿ ಮಾಡಿದ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೊ. ಅದನ್ನು ರಾಸ್ ಆರೋಗ್ಯವಾಗಿದ್ದಾಗಿನ ದೇಹದ ತೂಕ ಅಂತ ಓದಿಕೊಳ್ಳುತ್ತಾರೆ. ಬಂದವರು ಒಂದೊಂದು ಮಿಠಾಯಿ ತೆಗೆದುಕೊಂಡ ಹಾಗೆ ರಾಶಿ ಕರಗುತ್ತಾ ಹೋಗುತ್ತದೆ. ಮ್ಯೂಸಿಯಂ ಮತ್ತೆ ತುಂಬಬಹುದು. ಇದನ್ನು ಕೇಳಿದ ಮೇಲೆ ಗುಂಪಿನಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಬ್ಬಳೇ ಹೋಗಿದ್ದರೆ ನಾನು ಆ ಮೂಲೆಯನ್ನು ದಾಟಿಬಿಡುತ್ತಿದ್ದೆ, ಖಂಡಿತ.

ಗುಂಪಿನ ಕೊರತೆ ಗೊತ್ತಾಗಿದ್ದು ವಿಡಿಯೊ ಕೋಣೆಯಲ್ಲಿ. ಹದಿನೈದು ಜನರನ್ನು ಕತ್ತಲಲ್ಲಿ ಇಪ್ಪತ್ತು ನಿಮಿಷ ಕೂರಿಸುವುದು ಯಾವ ಗೈಡ್‌ಗೂ ಆಗದ ಮಾತು. ಇಣುಕಿ ನೋಡಿ ಹೊರಟೆವು.

ಹಾಗಾಗಿ ಮೂರನೇ ಸಲ ನೇರ ಅಲ್ಲಿಗೇ ಹೋದೆ. ಪರದೆಯ ಮೇಲೆ ಎರಡು ಕೈಗಳು ಒಂದು ಹೊದಿಕೆಯನ್ನು ಮಡಚುತ್ತವೆ, ಬಿಚ್ಚುತ್ತವೆ. ಮೊದಲ ಸುತ್ತಿನಲ್ಲಿ ಬೇಸರವೇ ಆಯಿತು. ಎರಡನೇ ಸುತ್ತಿನಲ್ಲಿ ಆ ಕೈಗಳಿಗೆ ವಯಸ್ಸಾಗುತ್ತಿರುವುದು ಕಂಡಿತು. ನನಗೆ ಮೈ ಜುಮ್ಮೆಂದಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಮಾಡಿದ, 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜನ ಒಂದು ಕೃತಿಯ ಮುಂದೆ ನಿಂತ ಸರಾಸರಿ ಹೊತ್ತು ಸುಮಾರು 27 ಸೆಕೆಂಡ್. ನಾನು ಅವತ್ತು ಐದೇ ಕೃತಿ ಆರಿಸಿಕೊಂಡು, ತಲಾ ಹತ್ತು ನಿಮಿಷಕ್ಕೆ ಕಮ್ಮಿ ಇಲ್ಲದ ಹಾಗೆ ನಿಂತೆ. ಗೋಡೆಯ ಫಲಕ ಓದಿದ್ದು ಕೊನೆಗೆ. ಒಂದು ಕೃತಿ ಹತ್ತು ನಿಮಿಷವಾದರೂ ಏನೂ ಕೊಡಲಿಲ್ಲ. ಇರಲಿ.

ಒಬ್ಬಳೇ ಹೋದಾಗ ಸಿಕ್ಕ ಇನ್ನೊಂದು ಲಾಭ, ಕೋಣೆ ಕಾಯುವ ಸಿಬ್ಬಂದಿಯ ಮಾತು. ನೂರಾರು ದಾರಗಳನ್ನು ತೂಗುಬಿಟ್ಟಿದ್ದ ಕೋಣೆಯಲ್ಲಿ ನಿಂತಿದ್ದ ಹೆಂಗಸು, 'ಸಂಜೆ ಬೆಳಕು ಬಿದ್ದಾಗ ಆ ಬೆಂಚಿನಿಂದ ನೋಡಿ' ಅಂದರು. ದಿನವಿಡೀ ಅದರ ಜೊತೆಗೇ ಇರುವವರು ಅವರು. ಅವರು ಹೇಳಿದ ಜಾಗದಿಂದ ದಾರಗಳಿಗಿಂತ ನೆರಳುಗಳೇ ದಟ್ಟವಾಗಿ ಕಂಡವು.

ಮೊಬೈಲ್‌ನಲ್ಲಿ ಫೋಟೊ ತೆಗೆಯುತ್ತಾ ಸುತ್ತುವುದನ್ನು ನಾನು ಪ್ರತ್ಯೇಕವಾಗಿ ಪರೀಕ್ಷಿಸಲಿಲ್ಲ. ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಅವರ 2014ರ ಅಧ್ಯಯನದಲ್ಲಿ, ಇಡೀ ವಸ್ತುವಿನ ಫೋಟೊ ತೆಗೆದವರಿಗೆ ಬರೀ ಕಣ್ಣಲ್ಲಿ ನೋಡಿದವರಿಗಿಂತ ಕಮ್ಮಿ ನೆನಪಿತ್ತು. ಝೂಮ್ ಮಾಡಿ ಒಂದು ಭಾಗವನ್ನು ತೆಗೆದವರಿಗೆ ಹಾಗಾಗಲಿಲ್ಲ.

ಮೊದಲ ಸಲ ಹೋಗುವವರು ಗೈಡ್ ಜೊತೆ ಹೋಗಲಿ, ಇದರಲ್ಲಿ ನನಗೆ ಅನುಮಾನವಿಲ್ಲ. ಗುಂಪು ಚದುರಿದ ಮೇಲೆ ಮನೆಗೆ ಹೊರಡದೆ ಒಂದು ಗಂಟೆ ಒಬ್ಬರೇ ಉಳಿಯಲಿ. ಆಡಿಯೊ ಗೈಡ್ ನನಗೆ ಕೊನೆಯ ಆಯ್ಕೆ. ಗೈಡ್ ಇಲ್ಲದ ದಿನ ಅದನ್ನು ಕೈಯಲ್ಲಿ ಇಟ್ಟುಕೊಂಡು, ಮೊದಲು ನೋಡಿ ಆಮೇಲೆ ಗುಂಡಿ ಒತ್ತಿದರೆ ಅದೂ ಚೆನ್ನಾಗಿಯೇ ಇರುತ್ತದೆ.

ಮುಂದಿನ ಭಾನುವಾರ ಅಮ್ಮ ಬರುತ್ತಾಳೆ. ಗೈಡ್ ಪ್ರವಾಸಕ್ಕೆ ಇಬ್ಬರ ಹೆಸರೂ ಬರೆಸಿದ್ದೇನೆ. ಅದು ಮುಗಿದ ಮೇಲೆ ಅವಳನ್ನು ಅನಾಟ್ಸುಯಿ ಅವರ ಮುಚ್ಚಳದ ಹೊದಿಕೆಯ ಹತ್ತಿರ ಕರೆದುಕೊಂಡು ಹೋಗಿ ಸುಮ್ಮನೆ ನಿಲ್ಲುತ್ತೇನೆ. ಅಮ್ಮ ನಲವತ್ತು ವರ್ಷ ಬಟ್ಟೆ ಹೊಲಿದವಳು. ಆ ತಂತಿಯ ಗಂಟುಗಳಲ್ಲಿ ನನಗೆ ಕಾಣದ್ದು ಅವಳಿಗೆ ಕಾಣುತ್ತದೆ.