ಎನ್‌ಒಸಿ ಸೇವೆ: ಅಂತರ ನೋಡುತ್ತದೆ, ಮಣ್ಣು ನೋಡುವುದು ನಿಮ್ಮ ಪಾಲು

ಸಂರಕ್ಷಿತ ಸ್ಮಾರಕದ ಹತ್ತಿರ ಕಟ್ಟುವವರಿಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಆನ್‌ಲೈನ್ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಅರ್ಜಿ ವ್ಯವಸ್ಥೆ ನಿಜಕ್ಕೂ ಉಪಯುಕ್ತ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಮೊದಲ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ, ಅಂದರೆ ಅನುಮತಿ ಪಡೆದೇ ಕಟ್ಟಬೇಕು. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಅರ್ಜಿ ಹಾಕಿ ಫಲವಿಲ್ಲ. ಹಳೆಯ ಮನೆಯ ದುರಸ್ತಿ, ನವೀಕರಣಕ್ಕಷ್ಟೇ ದಾರಿ.

ಅರ್ಜಿ ಎಡವುವುದು ಅಳತೆಯಲ್ಲಿ. ಅಂತರ ಲೆಕ್ಕ ಹಾಕಬೇಕಾದ್ದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ. ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುವುದರಿಂದ, ನಿವೇಶನ ಈ ವಲಯಗಳ ಗೆರೆಯ ಆಸುಪಾಸಿನಲ್ಲಿದ್ದರೆ ಸರ್ವೇಯರ್ ಕರೆಸಿ ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣದಲ್ಲೇ ಅಳೆಸಿ. ಎತ್ತರ ಬರೆಯುವಾಗ ಮೆಟ್ಟಿಲ ಕೋಣೆ, ಪ್ಯಾರಪೆಟ್, ನೀರಿನ ಟ್ಯಾಂಕ್ ಬಿಡಬೇಡಿ. ಕಾಯ್ದೆಯ ಗಡುವು: ಅರ್ಜಿ ಪಡೆಯುವ ಸಕ್ಷಮ ಪ್ರಾಧಿಕಾರ ಅದನ್ನು ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಲು 15 ದಿನ, ಸ್ಮಾರಕ ಪ್ರಾಧಿಕಾರದ ಪರಿಶೀಲನೆಗೆ 2 ತಿಂಗಳು, ಆಮೇಲೆ ಆದೇಶಕ್ಕೆ 1 ತಿಂಗಳು. ಗುತ್ತಿಗೆದಾರನಿಗೆ ಮುಂಗಡ ಕೊಡುವ ಮುನ್ನ ಇದು ಲೆಕ್ಕದಲ್ಲಿರಲಿ.

ಕೊರತೆ ದೊಡ್ಡದೇ ಇದೆ. ಇದು ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ ಮಾತ್ರ. ರಾಜ್ಯದ ಪಟ್ಟಿಗೆ ರಾಜ್ಯ ಪುರಾತತ್ವ ಇಲಾಖೆಯನ್ನೇ ಕೇಳಬೇಕು. 300 ಮೀಟರ್ ದಾಟಿದರೆ ನೆಲದಡಿ ಏನಿದೆಯೆಂದು ಈ ವ್ಯವಸ್ಥೆ ಕೇಳುವುದೇ ಇಲ್ಲ. ಬಳ್ಳಾರಿ, ರಾಯಚೂರು ಸೀಮೆಯ ನವಶಿಲಾಯುಗದ ಬೂದಿದಿಬ್ಬಗಳು (ಸುಟ್ಟ ಸಗಣಿಯ ಬೂದಿಯ ಗುಡ್ಡೆಗಳು) ಗೊಬ್ಬರದ ಮಣ್ಣಾಗಿ ಗಾಡಿಯೇರಿ ಹೋಗಿವೆ. ಯಾವ ಪಟ್ಟಿಯಲ್ಲೂ ಇಲ್ಲದ ದಿಬ್ಬಕ್ಕೆ ಜೆಸಿಬಿ ಬಂದರೆ ತಡೆಯುವ ಕಾಗದ ಇರುವುದಿಲ್ಲ.

ಹಾಗಾಗಿ ಲೇಔಟ್ ಮಾಡುವವರು ಮೊದಲು ಗ್ರಾಮ ನಕ್ಷೆ ತೆಗೆಸಿ ನೋಡಬೇಕು. ಬೇಚಿರಾಕ್ (ಜನವಸತಿಯಿಲ್ಲದ) ಗ್ರಾಮ, ಹಾಳೂರು, ಬೂದಿಗುಡ್ಡ, ಮೋರೇರ ಮನೆ (ಬೃಹತ್ ಶಿಲಾಯುಗದ ಕಲ್ಲುಗೋರಿ) ಎಂಬ ಹೆಸರು ಸಿಕ್ಕರೆ ಅಲ್ಲೇ ನಿಲ್ಲಿ. ಉಳುಮೆಯಾಗಿ ಒಂದು ಮಳೆ ಬಿದ್ದ ಮೇಲೆ ನಾಲ್ಕೈದು ಮೀಟರ್ ಸಾಲು ಬಿಟ್ಟು ಹೊಲ ನಡೆಯಿರಿ. ಒಳಗೆ ಕಪ್ಪು, ಹೊರಗೆ ಕೆಂಪಿರುವ ಮಡಕೆಚೂರು, ಕಬ್ಬಿಣದ ಕಿಟ್ಟ, ಉಜ್ಜಿ ನಯಮಾಡಿದ ಕಲ್ಲುಕೊಡಲಿ ಕಣ್ಣಿಗೆ ಬೀಳಬಹುದು. ಆದರೆ ಚೂರು ಸಿಕ್ಕ ಮಾತ್ರಕ್ಕೆ ಅಲ್ಲಿ ಊರಿತ್ತು ಎನ್ನಲಾಗದು. ಕೆರೆ ಹೂಳು, ತಿಪ್ಪೆಗೊಬ್ಬರದ ಜೊತೆಯೂ ಚೂರುಗಳು ಹೊಲಕ್ಕೆ ಬಂದಿರುತ್ತವೆ. ಅವು ಸವೆದು ಎಲ್ಲೆಡೆ ತೆಳ್ಳಗೆ ಹರಡಿರುತ್ತವೆ. ಅಂಚು ಚೂಪಾಗಿದ್ದು ಒಂದೇ ಕಡೆ ಗುಂಪಾಗಿದ್ದರೆ ಮಾತು ಬೇರೆ.

ನೆಲದಡಿ ನೋಡುವ ರೇಡಾರ್‌ಗೆ ಹಣ ಕೊಡುವ ಮುನ್ನ ಮಣ್ಣು ಯಾವುದೆಂದು ಕೇಳಿ. ಎರೆಮಣ್ಣಿನ ಜೇಡಿ ತೇವವಾಗಿದ್ದರೆ ಸಂಕೇತವನ್ನು ನುಂಗಿಬಿಡುತ್ತದೆ. ಆಳದ ಚಿತ್ರ ಬರುವುದಿಲ್ಲ. ಪುರಾತತ್ವದ ಹೆಸರಿನಲ್ಲಿ ನೀವೇ ಗುಂಡಿ ತೋಡಲೂ ಹೋಗಬೇಡಿ, ಉತ್ಖನನಕ್ಕೆ ಪರವಾನಗಿ ಬೇಕು. ಅಡಿಪಾಯದ ಮಣ್ಣು ಪರೀಕ್ಷೆಗೆ ತೆಗೆದ ಗುಂಡಿಯ ಗೋಡೆಯನ್ನೇ ಮುಚ್ಚುವ ಮೊದಲು ಕೆರೆದು ನೋಡಿ. ಬೂದಿಯ ಪದರ, ಬಡಿದು ಗಟ್ಟಿಮಾಡಿದ ನೆಲ, ಅಡ್ಡಡ್ಡ ಮಲಗಿದ ಚೂರು ಕಂಡರೆ ಕೆಲಸ ನಿಲ್ಲಿಸಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆದು ಸರ್ವೆ ನಂಬರ್ ಸಮೇತ ಪುರಾತತ್ವ ಇಲಾಖೆಗೆ ಬರೆಯಿರಿ.