ಭಾರವೂ ಇರಬೇಕು, ಬಾಯಲ್ಲೂ ಉಳಿಯಬೇಕು: ಮೂರು ಮೆಟಲ್ ಹಾಡುಗಳು

ಭಾರವಾದ ಮೆಟಲ್ ಹಾಡು ಹುಡುಕೋದು ಕಷ್ಟವಲ್ಲ. ಗಿಟಾರಿನ ಶ್ರುತಿ ಇಳಿಸಿ, ಡ್ರಮ್ಸ್ ಜೋರು ಮಾಡಿ, ಗಂಟಲು ಹರಿಯುವ ಹಾಗೆ ಕಿರುಚುವ ಬ್ಯಾಂಡ್‌ಗಳು ಬೇಕಾದಷ್ಟಿವೆ. ಕೇಳುವಾಗ ಮಜಾ ಇರುತ್ತದೆ, ಮುಗಿದ ಮೇಲೆ ಏನೂ ನೆನಪಿರುವುದಿಲ್ಲ. ಅಷ್ಟೇ ಭಾರವಿದ್ದೂ ಮಾರನೇ ದಿನ ಪಾತ್ರೆ ತೊಳೆಯುವಾಗ ತಾನಾಗೇ ಬಾಯಿಗೆ ಬರುವ ಹಾಡುಗಳು ಕಡಿಮೆ. ನನ್ನ ಪರೀಕ್ಷೆ ಸರಳ: ಮಾತು ಬಿಟ್ಟು ಬರೀ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಹಾಡೋಕೆ ಆಗುತ್ತಾ? (ಮಾತು ಹೇಗೂ ಅರ್ಧ ಅರ್ಥವಾಗಲ್ಲ, ಅಲ್ವಾ.) ಕೊನೆಗೆ ಉಳಿದಿದ್ದು ಮೂರು.

ಮೊದಲನೆಯದು ಕಾರ್ಕಾಸ್‌ನ ‘ಹಾರ್ಟ್‌ವರ್ಕ್’, 1993. ಲಿವರ್‌ಪೂಲ್‌ನ ಈ ಬ್ಯಾಂಡ್ ಶುರುವಿನಲ್ಲಿ ಹೆಣ, ರೋಗ, ಆಪರೇಷನ್ ಅಂತ ವೈದ್ಯಕೀಯ ಪದಗಳನ್ನೇ ಹಾಡು ಮಾಡಿ ಗದ್ದಲ ಎಬ್ಬಿಸುತ್ತಿತ್ತು. ಇಲ್ಲಿಗೆ ಬರುವ ಹೊತ್ತಿಗೆ ಬಿಲ್ ಸ್ಟೀರ್ ಮತ್ತು ಮೈಕಲ್ ಅಮಾಟ್ ಇಬ್ಬರ ಗಿಟಾರ್ ಜೊತೆ ಜೊತೆಯಾಗಿ ರಾಗ ಎಳೆಯಲು ಶುರು ಮಾಡಿತ್ತು. ಮೆತ್ತಗಾಗಿಬಿಟ್ಟರು ಅಂತ ಹಳೆಯ ಅಭಿಮಾನಿಗಳು ಆಗ ಗೊಣಗಿದ್ದುಂಟು. ನನಗಂತೂ ಮೆತ್ತಗೆ ಅನ್ನಿಸಿಲ್ಲ. ತಂತಿಗಳು ಬಿ ಸ್ವರದ ತನಕ ಇಳಿದಿವೆ, ಜೆಫ್ ವಾಕರ್ ಹಲ್ಲು ಕಚ್ಚಿಕೊಂಡು ಉಗುಳುವ ಹಾಗೆ ಹಾಡುತ್ತಾನೆ, ಅದರ ಮೇಲೆ ಆ ಜೋಡಿ ಗಿಟಾರ್ ಬಂದಾಗ ಮಾತ್ರ ಯಾರು ಬೇಕಾದರೂ ಗುನುಗಬಹುದಾದ ರಾಗ ಕೈಗೆ ಸಿಗುತ್ತದೆ.

ಸೆಪುಲ್ಟುರಾದ ‘ರೂಟ್ಸ್ ಬ್ಲಡಿ ರೂಟ್ಸ್’ (1996) ಇದಕ್ಕೆ ಪೂರ್ತಿ ಉಲ್ಟಾ. ರಾಗವೇ ಇಲ್ಲ. ಬ್ರೆಜಿಲ್‌ನ ಈ ಬ್ಯಾಂಡಿನಲ್ಲಿ ಆಗ ಇದ್ದ ಮ್ಯಾಕ್ಸ್ ಕವಲೇರಾ ಗಿಟಾರಿನ ಎರಡು ತೆಳು ತಂತಿಗಳನ್ನೇ ಬಿಟ್ಟು ನಾಲ್ಕರಲ್ಲಿ ನುಡಿಸುವವನು, ಈ ಹಾಡಿಗೆ ಆ ನಾಲ್ಕೂ ಜಾಸ್ತಿಯೇ. ಒಂದು ರಿಫ್, ಮೂರು ಪದದ ಕೋರಸ್, ಮುಗಿಯಿತು. ಆದರೆ ಮೂರರಲ್ಲಿ ಅತಿ ಭಾರ ಅನ್ನಿಸುವುದು ಇದೇ, ಯಾಕೆಂದರೆ ಅವಸರವಿಲ್ಲ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಬಿಡುತ್ತಾರೆ, ಆ ಜಾಗದಲ್ಲೇ ತೂಕ ಬೀಳುತ್ತದೆ. ಇದೇ ಆಲ್ಬಮ್‌ಗಾಗಿ ಅವರು ಬ್ರೆಜಿಲ್‌ನದೇ ಶವಾಂತೆ ಬುಡಕಟ್ಟಿನವರ ಹತ್ತಿರ ಹೋಗಿ ಅವರೊಂದಿಗೆ ಹಾಡು ಮುದ್ರಿಸಿದ್ದರು. ಆ ನೆಲ ಗುದ್ದುವ ಲಯ ಈ ಹಾಡಿನಲ್ಲೂ ಇದೆ ಅಂತ ನನಗೆ ಅನ್ನಿಸುತ್ತದೆ. ತೊಂದರೆ ಒಂದೇ, ಮೇಲಿಂದ ಮೇಲೆ ಹಾಕಿದರೆ ಬೇಗ ಸಾಕಾಗುತ್ತದೆ.

ಇನ್ನು ಸ್ವೀಡನ್‌ನ ಮೆಶುಗ್ಗಾ, ‘ಬ್ಲೀಡ್’, 2008. ಎಂಟು ತಂತಿಯ ಗಿಟಾರ್, ಏಳು ನಿಮಿಷಕ್ಕೂ ಜಾಸ್ತಿ ಉದ್ದ. ಡ್ರಮ್ಮರ್ ಥಾಮಸ್ ಹಾಕೆಯ ಕಾಲುಗಳು ಗಿಟಾರಿನ ಜೊತೆ ಎಲ್ಲೆಲ್ಲೋ ಓಡುತ್ತಿದ್ದರೂ ಕೈ ಮಾತ್ರ ನಾಲ್ಕರ ಎಣಿಕೆ ಬಿಡುವುದಿಲ್ಲ. ತನಿ ಆವರ್ತನ ಕೇಳುತ್ತಾ ತೊಡೆ ಮೇಲೆ ತಾಳ ಹಾಕಿ ಅಭ್ಯಾಸ ಇರುವವರಿಗೆ ಈ ಹಾಡು ಬೇಗ ಹಿಡಿಸುತ್ತದೆ ಅಂತ ನನ್ನ ಅನಿಸಿಕೆ. ಕೈಯಲ್ಲಿ ಆದಿತಾಳ ಹಾಕಿಕೊಂಡು ಕೇಳಿ ನೋಡಿ, ಗೊಂದಲ ಅನ್ನಿಸಿದ್ದೆಲ್ಲ ಸಮಕ್ಕೆ ಬಂದು ನಿಲ್ಲುತ್ತದೆ. ಬಾಯಲ್ಲಿ ಗುನುಗೋಕೆ ಆಗಲ್ಲ, ತಕಿಟ ತಕಿಟ ಅಂತ ಹೇಳಿಕೊಳ್ಳಬಹುದು ಅಷ್ಟೇ. ಆದರೂ ತಲೆಯಿಂದ ಹೋಗಲ್ಲ.

ಫೋನಿನ ಸ್ಪೀಕರಿನಲ್ಲಿ ಮೂರನ್ನೂ ಹಾಕಿದಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ‘ಬ್ಲೀಡ್’ ಅಲ್ಲಿ ಸತ್ತೇ ಹೋಯಿತು, ಎರಡೂ ಕಾಲಲ್ಲಿ ನುಡಿಸುವ ಬಾಸ್ ಡ್ರಮ್ ಟೈಪ್ ಮಾಡುವ ಸದ್ದಾಗಿ ಕೇಳಿಸಿತು. ‘ರೂಟ್ಸ್’ ಅರ್ಧ ಉಳಿಯಿತು, ಕೋರಸ್ ಮಾತ್ರ. ‘ಹಾರ್ಟ್‌ವರ್ಕ್’ಗೆ ಏನೂ ಆಗಲಿಲ್ಲ, ರಾಗ ಮೇಲಿನ ಸ್ವರದ ತಂತಿಗಳಲ್ಲಿದೆ ತಾನೆ. ಒಳ್ಳೆಯ ಹೆಡ್‌ಫೋನ್ ಹಾಕಿದರೆ ಲೆಕ್ಕ ತಿರುಗುಮುರುಗು, ‘ಬ್ಲೀಡ್’ ಎದ್ದು ನಿಲ್ಲುತ್ತದೆ.

ಲ್ಯಾಂಬ್ ಆಫ್ ಗಾಡ್‌ನ ‘ಲೇಡ್ ಟು ರೆಸ್ಟ್’ (2004) ಯಾಕಿಲ್ಲ ಅಂತ ಕೇಳಬಹುದು. 2010ರಲ್ಲಿ ಅವರು ಬೆಂಗಳೂರಿಗೆ ಬಂದ ಮೇಲಂತೂ ಇಲ್ಲಿನ ಮೆಟಲ್ ಮಂದಿಗೆ ಅವರು ಮನೆಯವರ ಹಾಗೇ. ರಿಫ್ ಚೆನ್ನಾಗಿದೆ, ಬಾಯಿಗೂ ಬರುತ್ತದೆ. ಆದರೆ ಈ ಮೂರರ ಪಕ್ಕ ಇಟ್ಟರೆ ಭಾರ ಕಡಿಮೆ.

ನನ್ನ ಓಟು ‘ಹಾರ್ಟ್‌ವರ್ಕ್’ಗೆ. ಮೆಟಲ್ ಅಂದರೆ ಸುಮ್ನೆ ಗಲಾಟೆ ಅನ್ನುವ ಗೆಳೆಯರಿಗೆ ಮಾತ್ರ ಮೊದಲು ‘ರೂಟ್ಸ್’ ಹಾಕಿ, ಎರಡನೇ ಕೋರಸ್‌ಗೆ ತಲೆ ಅಲ್ಲಾಡಿಸದಿದ್ದರೆ ಬಿಟ್ಟುಬಿಡಿ, ‘ಬ್ಲೀಡ್’ ತನಕ ಎಳೆದುಕೊಂಡು ಹೋಗಬೇಡಿ.